ಕಣ್ಣಿನ ಸುತ್ತ ಎರಡು ಬಳೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ಕೇಳಿ ಮೊದಲು ನಕ್ಕುಬಿಟ್ಟೆ, ಬೇಜಾರು ಮಾಡಿಕೊಳ್ಳಬೇಡ. ಬೆಳಿಗ್ಗೆ ಆರರ ಲೇಡೀಸ್ ಬ್ಯಾಚಿನಲ್ಲಿ ಈಜಿ, ಸ್ನಾನ ಮಾಡಿ, ಎರಡು ಇಡ್ಲಿ ಬಾಯಿಗೆ ಹಾಕಿಕೊಂಡು, ಮೆಟ್ರೋ ಹಿಡಿದು ಒಂಬತ್ತೂವರೆಗೆ ಆಫೀಸಿನಲ್ಲಿ ಕೂತರೆ ಪಕ್ಕದ ಸೀಟಿನವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು "ಮನೇಲಿ ಏನಾದ್ರೂ ಆಯ್ತೇನೇ? ರಾತ್ರಿಯೆಲ್ಲ ಅತ್ತಿದ್ದೀಯಾ?" ಎಂದು ಕೇಳುತ್ತಾಳಲ್ಲ, ನನಗೂ ಹಾಗೇ ಆಗಿತ್ತು ಕಣೆ. ನಿವೃತ್ತಿಯಾದ ಮರುವರ್ಷ ಸರಸ್ವತಿಪುರಂನ ವಿಶ್ವವಿದ್ಯಾಲಯದ ಈಜುಕೊಳಕ್ಕೆ ಸೇರಿದ್ದೆ. ಹಾಲು ಹಾಕುವ ಹುಡುಗ ಮೂರು ದಿನ ನನ್ನ ಮುಖ ನೋಡಿ ಸುಮ್ಮನಿದ್ದು, ನಾಲ್ಕನೇ ದಿನ ತಗ್ಗಿದ ದನಿಯಲ್ಲಿ "ಸಾರು ಹುಷಾರಾಗಿದಾರಾ ಅಮ್ಮಾ?" ಎಂದು ನಿನ್ನ ದೊಡ್ಡಪ್ಪನ ಬಗ್ಗೆ ವಿಚಾರಿಸಿದ್ದ. ಅವರು ಒಳಗೆ ಉಪ್ಪಿಟ್ಟು ತಿನ್ನುತ್ತಿದ್ದರು.

ನಾನು ಡಾಕ್ಟರಲ್ಲ. ಮೂವತ್ತೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿದವಳು. ಹಾಗಾಗಿ ಯಾಕೆ ಎನ್ನುವುದನ್ನು ಬಿಟ್ಟು ಬರೀ ಹೀಗೆ ಮಾಡು ಎನ್ನಲು ಬಾಯಿ ಬರುವುದಿಲ್ಲ. ಉದ್ದವಾಯಿತು ಅನ್ನಿಸಿದರೆ ಮೆಟ್ರೋದಲ್ಲಿ ಓದಿಕೋ.

• ಮೊದಲು ಗಾಗಲ್ಸ್ ಕಣ್ಣಿನ ಸುತ್ತ ಬಿಡುವ ಆ ಗುರುತು ಏನು ಅಂತ ತಿಳಿದುಕೋ. ಚಪಾತಿ ಹಿಟ್ಟು ನಾದಿಟ್ಟು ಬೆರಳಿನಿಂದ ಒತ್ತಿ ನೋಡಿದ್ದೀಯಲ್ಲ? ಒತ್ತಿದಲ್ಲಿ ಗುಳಿ, ಗುಳಿಯ ಸುತ್ತ ಉಬ್ಬು. ಗಾಗಲ್ಸಿನ ಅಂಚು ಮಾಡುವುದೂ ಅದನ್ನೇ. ಕಣ್ಣಿನ ಸುತ್ತಲಿನ ಚರ್ಮ ಮೈಯಲ್ಲೆಲ್ಲ ತೆಳುವಾದದ್ದು, ಸುಮಾರು ಅರ್ಧ ಮಿಲಿಮೀಟರ್. ಅದರ ಕೆಳಗೆ ಸಡಿಲವಾದ ಅಂಗಾಂಶ, ಅದರಲ್ಲಿ ಸದಾ ಒಂದಿಷ್ಟು ನೀರಿನಂಶ. ಮುಕ್ಕಾಲು ಗಂಟೆ ಅಂಚು ಒತ್ತಿದರೆ ಆ ನೀರಿನಂಶ ಪಕ್ಕಕ್ಕೆ ಸರಿಯುತ್ತದೆ. ಗಾಗಲ್ಸ್ ತೆಗೆದ ಮೇಲೆ ಅದು ಸ್ವಸ್ಥಾನಕ್ಕೆ ಮರಳಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಗಾಯವಲ್ಲ, ರೋಗವಲ್ಲ.

• ವಯಸ್ಸಿನ ಮಾತು. ನಿನ್ನ ಮಗಳು ಅದೇ ಕೊಳದಲ್ಲಿ ಒಂದು ಗಂಟೆ ಒದ್ದಾಡಿ ಬಂದರೂ ಹತ್ತು ನಿಮಿಷದಲ್ಲಿ ಮುಖ ನುಣ್ಣಗಾಗುತ್ತದೆ. ಅವಳದು ಆಗತಾನೆ ನಾದಿದ ಹಿಟ್ಟು. ನಿನಗೆ ನಲವತ್ತೆರಡು, ಗಂಟೆ ಹಿಡಿಯಬಹುದು. ನನಗೆ ಬೆಳಿಗ್ಗೆ ಏಳಕ್ಕೆ ಬಿದ್ದ ಗುರುತು ಹನ್ನೊಂದರ ಕಾಫಿವರೆಗೂ ಇರುತ್ತದೆ. ಚರ್ಮಕ್ಕೆ ಪುಟಿಯುವ ಗುಣ ಕೊಡುವ ನಾರುಗಳು ವಯಸ್ಸಾದಂತೆ ಕಡಿಮೆಯಾಗುತ್ತವೆ, ಬಿಸಿಲು ಅದನ್ನು ಇನ್ನೂ ಬೇಗ ಮಾಡಿಸುತ್ತದೆ. ಇದಕ್ಕೆ ಸಾವಿರಾರು ರೂಪಾಯಿ ಕೊಟ್ಟು ಕ್ರೀಮು ತರಬೇಡ.

• ಗುರುತು ಬೀಳುವುದು ನೀರಿನಲ್ಲಿ ಅಂತ ನೀನು ಅಂದುಕೊಂಡಿದ್ದೀಯ. ನನ್ನ ಲೆಕ್ಕದಲ್ಲಿ ಅದು ಬೀಳುವುದು ಕೊಳದ ಮೆಟ್ಟಿಲ ಮೇಲೆ, ನೀರಿಗೆ ಇಳಿಯುವ ಮುಂಚೆ, ಗಾಗಲ್ಸಿನ ಎರಡೂ ಕಡೆಯ ಪಟ್ಟಿಯನ್ನು "ಇನ್ನೊಂದು ಚೂರು" ಅಂತ ಎಳೆಯುತ್ತೀಯಲ್ಲ, ಆಗ. ನಾವೆಲ್ಲ ಹಾಗೆ ಎಳೆಯುವುದು ನೀರು ಒಳಗೆ ಬಂದೀತೆಂಬ ಹೆದರಿಕೆಯಿಂದ. ಆದರೆ ನೀರು ನುಗ್ಗುವುದಕ್ಕೆ ಪಟ್ಟಿ ಸಡಿಲವಾಗಿರುವುದು ಕಾರಣವಾಗುವುದು ಅಪರೂಪ. ಬಟ್ಟಲಿನ ಆಕಾರ ನಿನ್ನ ಮುಖಕ್ಕೆ ಹೊಂದದಿರುವುದು, ಅಂಚಿನ ಕೆಳಗೆ ಒಂದು ಎಳೆ ಕೂದಲು ಸಿಕ್ಕಿರುವುದು, ಕ್ಯಾಪಿನ ತುದಿ ಹುಬ್ಬಿನವರೆಗೆ ಇಳಿದು ಅಂಚಿನಡಿ ಸೇರಿರುವುದು, ಹೆಚ್ಚಾಗಿ ಇವೇ. ಇದಕ್ಕೆಲ್ಲ ಪಟ್ಟಿ ಬಿಗಿದರೆ ಸೋರುವುದೂ ನಿಲ್ಲದು, ಬಳೆಯೂ ತಪ್ಪದು.

• ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ. ಪಟ್ಟಿಯನ್ನು ತಲೆಗೆ ಹಾಕಲೇಬೇಡ. ಬರೀ ಬಟ್ಟಲುಗಳನ್ನು ಕಣ್ಣಿಗೆ ಮೆತ್ತಗೆ ಒತ್ತಿ ಕೈಬಿಡು. ಎರಡು ಮೂರು ಸೆಕೆಂಡು ತಾನಾಗಿ ಅಂಟಿಕೊಂಡು ನಿಂತರೆ ಅದು ನಿನ್ನ ಮುಖದ ಗಾಗಲ್ಸ್. ತಕ್ಷಣ ಬಿದ್ದರೆ ಎಷ್ಟೇ ಚಂದವಿದ್ದರೂ ಅಲ್ಲೇ ಇಡು. ನಮ್ಮ ಮನೆಯವರ ಮೂಗಿನ ಸೇತುವೆ ಸ್ವಲ್ಪ ತಗ್ಗು, ನಿನಗೂ ಅದೇ ಬಂದಿದೆ, ಹಾಗಾಗಿ ಮೂಗಿನ ಮೇಲಿನ ತುಂಡನ್ನು ಬದಲಿಸಲು ಬರುವಂಥದ್ದು ಕೇಳು. ಡಬ್ಬಿಯಲ್ಲಿ ಚಿಕ್ಕದು, ದೊಡ್ಡದು ಅಂತ ಮೂರು ತುಂಡು ಕೊಡುತ್ತಾರೆ. ಜನ ಅದನ್ನು ಡಬ್ಬಿಯ ಜೊತೆಗೇ ಕಸಕ್ಕೆ ಹಾಕುತ್ತಾರೆ.

• ಕಣ್ಣಿನ ಗುಳಿಯೊಳಗೇ ಕೂರುವ ಚಿಕ್ಕ ಬಟ್ಟಲು ನಿನಗೆ ಬೇಡ. ಸ್ಪರ್ಧೆಯ ಈಜುಗಾರರು ಹಾಕುವ ಸ್ವೀಡಿಶ್ ಗಾಗಲ್ಸಿಗೆ ರಬ್ಬರ್ ಅಂಚೇ ಇರುವುದಿಲ್ಲ, ಗಟ್ಟಿ ಪ್ಲಾಸ್ಟಿಕ್ಕು ನೇರ ಚರ್ಮದ ಮೇಲೆ ಕೂರುತ್ತದೆ. ಧುಮುಕಿದ ರಭಸಕ್ಕೆ ಕಿತ್ತುಹೋಗಬಾರದು ಅಂತ ಅವರಿಗೆ ಅದು ಬೇಕು. ನಮ್ಮ ಬೆಂಗಳೂರಿನ ಧಿನಿಧಿ ದೇಸಿಂಗು 14ನೇ ವಯಸ್ಸಿಗೇ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಈಜಿದಳು ಅಂತ ಅಂಥವರ ಸಾಮಾನನ್ನು ನೋಡಿ ನೀನೂ ಅದನ್ನೇ ಕೊಂಡರೆ ಹೇಗೆ? ನೀನು ಏಣಿ ಹಿಡಿದು ಇಳಿಯುವವಳು. ಮೆತ್ತನೆ ಸಿಲಿಕೋನ್ ಅಂಚಿನ, ಕಣ್ಣಿನ ಗುಳಿಯ ಹೊರಗೆ ಕೆನ್ನೆ ಮತ್ತು ಹುಬ್ಬಿನ ಮೂಳೆಯ ಮೇಲೆ ಕೂರುವ ಅಗಲದ್ದು ತಗೋ. ಮುಖವಾಡದ ಹಾಗೆ ದೊಡ್ಡದಾಗಿರುವವೂ ಸಿಗುತ್ತವೆ. ಗುರುತು ಅವೂ ಬಿಡುತ್ತವೆ, ಆದರೆ ಕಣ್ಣಿನಿಂದ ದೂರ, ದಪ್ಪ ಚರ್ಮದ ಮೇಲೆ, ಅಗಲವಾಗಿ ಹರಡಿ ಬೀಳುವುದರಿಂದ ಬೇಗ ಮಾಯ. ನೋಡಲು ಕಪ್ಪೆಯ ಹಾಗೆ ಕಾಣುತ್ತೀ. ಕೊಳದಲ್ಲಿ ಯಾರು ನೋಡುತ್ತಾರೆ?

• ಹಾಕುವ ಕ್ರಮ: ಮೊದಲು ಬಟ್ಟಲು ಕಣ್ಣಿಗೆ, ಆಮೇಲೆ ಪಟ್ಟಿ ಹಿಂದಕ್ಕೆ. ಪಟ್ಟಿ ಎರಡು ಎಳೆಯಾಗಿದ್ದರೆ ಒಂದನ್ನು ನೆತ್ತಿಯ ಹಿಂಭಾಗಕ್ಕೆ ಏರಿಸು, ಇನ್ನೊಂದು ಕಿವಿಯ ಮೇಲಿನಿಂದ ಹಾದು ಹಿಂದಲೆಯ ಉಬ್ಬಿನ ಕೆಳಗೆ ಕೂರಲಿ. ಎರಡೂ ಒಂದೇ ಕಡೆ ಇದ್ದರೆ ಭಾರವೆಲ್ಲ ಒಂದೇ ಸಾಲಿನಲ್ಲಿ ಬೀಳುತ್ತದೆ. ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ತೂರಬೇಕು.

• ನನ್ನ ಗುಟ್ಟು ಒಂದು. ಸರಿಯಾದ ಅಳತೆ ಸಿಕ್ಕಿದ ದಿನ ಪಟ್ಟಿಯ ಆ ಜಾಗದಲ್ಲಿ ಬಾಲ್‌ಪೆನ್ನಿನಿಂದ ಗೆರೆ ಎಳೆದಿಟ್ಟೆ. ಮಾರನೆಯ ದಿನ ಕೈ ತಾನಾಗಿ "ಇನ್ನೊಂದು ಚೂರು" ಎಂದಾಗ ಗೆರೆ ನೋಡಿ ನಿಲ್ಲಿಸುತ್ತೇನೆ.

• ಒಂದು ಹನಿ ನೀರು ಒಳಗೆ ಬರಲಿ ಬಿಡು. ನಿಜವಾಗಿ ಹೇಳುತ್ತಿದ್ದೇನೆ. ಗೋಡೆ ಮುಟ್ಟಿದಾಗ ಬಟ್ಟಲಿನ ಕೆಳಗಂಚು ಸ್ವಲ್ಪ ಎತ್ತಿದರೆ ಹರಿದುಹೋಗುತ್ತದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್ಲಿನಲ್ಲಿ ಮೈಕೆಲ್ ಫೆಲ್ಪ್ಸ್‌ನ ಗಾಗಲ್ಸ್ ಪೂರ್ತಿ ನೀರು ತುಂಬಿಕೊಂಡಿತು. ಗೋಡೆ ಕಾಣದೆ, ಕೈ ಬೀಸಿದ ಲೆಕ್ಕ ಎಣಿಸುತ್ತಾ ಈಜಿ ಚಿನ್ನ ಗೆದ್ದ, 1 ನಿಮಿಷ 52.03 ಸೆಕೆಂಡಿನ ವಿಶ್ವದಾಖಲೆಯೂ ಆಯಿತು. ನಿನಗೆ ಒಂದು ಹನಿಗೆ ಇಷ್ಟು ಗಾಬರಿ!

ನಿನ್ನಮ್ಮನೂ ನಾನೂ ನಂಜನಗೂಡಿನ ಹತ್ತಿರದ ತೋಟದ ಬಾವಿಯಲ್ಲಿ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತಾಗ ಗಾಗಲ್ಸ್ ಎನ್ನುವ ಮಾತೇ ಕೇಳಿರಲಿಲ್ಲ. ಕಣ್ಣು ಬಿಟ್ಟುಕೊಂಡೇ ಮುಳುಗಿ ತಳದ ಕಲ್ಲು ತರುತ್ತಿದ್ದೆವು. ಮಧ್ಯಾಹ್ನಕ್ಕೆ ಇಬ್ಬರ ಕಣ್ಣೂ ಕೆಂಡ. ನಿಮ್ಮಜ್ಜಿ ಬೈದುಕೊಂಡು ಕಣ್ಣಿಗೆ ಹರಳೆಣ್ಣೆ ಬಿಡುತ್ತಿದ್ದರು. (ನೀನು ಬಿಡಬೇಡ.) ಒಲಿಂಪಿಕ್ಸ್‌ನಲ್ಲೇ ಗಾಗಲ್ಸಿಗೆ ಅನುಮತಿ ಸಿಕ್ಕಿದ್ದು 1976ರ ಮಾಂಟ್ರಿಯಲ್‌ನಲ್ಲಿ. ಅದಕ್ಕೂ ಅರ್ಧ ಶತಮಾನ ಹಿಂದೆ, 1926ರಲ್ಲಿ, ಇಂಗ್ಲಿಷ್ ಕಡಲ್ಗಾಲುವೆ ಈಜಿದ ಮೊದಲ ಹೆಂಗಸು ಗರ್ಟ್ರೂಡ್ ಎಡರ್ಲಿ ಮೋಟಾರ್‌ಸೈಕಲ್ ಸವಾರರ ಕನ್ನಡಕಕ್ಕೆ ಪ್ಯಾರಫಿನ್ ಮೇಣ ಮೆತ್ತಿ ನೀರು ತಡೆದುಕೊಂಡಿದ್ದಳು. ಹದಿನಾಲ್ಕೂವರೆ ಗಂಟೆ ಉಪ್ಪುನೀರಿನಲ್ಲಿ. ಅವಳ ಕಣ್ಣಿನ ಸುತ್ತ ಎಂಥ ಬಳೆ ಬಿದ್ದಿರಬೇಕು ಹೇಳು.

• ಮುಕ್ಕಾಲು ಗಂಟೆ ಒಂದೇ ಸಮ ಹಾಕಿಕೊಂಡಿರಬೇಡ. ಕೋಚು ಮಾತಾಡುವಾಗ, ಗೋಡೆ ಹಿಡಿದು ದಮ್ಮು ತೆಗೆದುಕೊಳ್ಳುವಾಗ ಬಟ್ಟಲನ್ನು ಕಣ್ಣಿಂದ ಎತ್ತಿ ಗಾಳಿ ಬಿಡು. ಅಂಟಿಕೊಂಡ ಬಟ್ಟಲು ಚರ್ಮವನ್ನು ಒಳಕ್ಕೆ ಹೀರುತ್ತಲೇ ಇರುತ್ತದೆ. ನಡುವೆ ಒಂದೆರಡು ಸಲ ಬಿಟ್ಟರೆ ಕೊನೆಯಲ್ಲಿ ಗುರುತು ಅಷ್ಟು ಆಳ ಇಳಿಯುವುದಿಲ್ಲ. ನನ್ನ ಮುಖದ ಮೇಲೆ ನಾನೇ ನೋಡಿದ್ದು.

• ತೆಗೆಯುವಾಗ ಮುಂದಿನಿಂದ ಎಳೆಯಲೇಬೇಡ. ಒದ್ದೆ ಕೈ, ಎಲಾಸ್ಟಿಕ್ ಪಟ್ಟಿ. ಜಾರಿದರೆ ಬಟ್ಟಲು ಚಾಟಿಬಿಲ್ಲಿನ ಕಲ್ಲಿನ ಹಾಗೆ ವಾಪಸು ಬಂದು ಕಣ್ಣಿಗೇ ಬಡಿಯುತ್ತದೆ. ಹೀಗೆ ದೃಷ್ಟಿ ಕಳೆದುಕೊಂಡವರಿದ್ದಾರೆ. ಹೆಬ್ಬೆರಳುಗಳನ್ನು ತಲೆಯ ಹಿಂದೆ ಪಟ್ಟಿಯೊಳಗೆ ತೂರಿಸಿ ಮುಂದಕ್ಕೆ ಎತ್ತಿ ತೆಗೆ. ಮಗಳಿಗೆ ಇದನ್ನು ಗದರಿಸಿಯೇ ಹೇಳು. ಒಬ್ಬರ ಗಾಗಲ್ಸ್ ಇನ್ನೊಬ್ಬರು ಎಳೆದು ಟಪ್ಪನೆ ಬಿಡುವ ಆಟ ಮಕ್ಕಳಿಗೆ ಬಲು ಇಷ್ಟ.

• ಆಳದ ಕಡೆ ಮುಳುಗಿ ನಾಣ್ಯ ಹೆಕ್ಕುವ ಆಟವೂ ಗಾಗಲ್ಸ್ ಹಾಕಿಕೊಂಡು ಬೇಡ. ಹತ್ತು ಮೀಟರ್ ಕೆಳಗಿಳಿದರೆ ಇನ್ನೊಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ, ಎರಡು ಮೀಟರಿಗೆ ಅದರ ಐದನೇ ಒಂದು ಪಾಲು. ಬಟ್ಟಲಿನೊಳಗಿನ ಗಾಳಿಗೆ ಅದನ್ನು ಸರಿತೂಗಿಸಲು ದಾರಿಯಿಲ್ಲ. ಡೈವಿಂಗ್ ಮಾಸ್ಕಿನಲ್ಲಿ ಮೂಗೂ ಒಳಗಿರುತ್ತದೆ, ಮೂಗಿನಿಂದ ಗಾಳಿ ಊದಿ ಸರಿಮಾಡಿಕೊಳ್ಳುತ್ತಾರೆ. ಈಜುವ ಗಾಗಲ್ಸಿನಲ್ಲಿ ಅದು ಆಗದು, ಕಣ್ಣಿನ ಬಿಳಿಯಲ್ಲಿ ರಕ್ತದ ಮಚ್ಚೆ ಮೂಡಬಹುದು.

• ಇನ್ನು ಕೊಳದಿಂದ ಹೊರಬಂದ ಮೇಲೆ. ನಲ್ಲಿಯ ತಣ್ಣೀರನ್ನು ಬೊಗಸೆಯಲ್ಲಿ ಹಿಡಿದು ಮುಚ್ಚಿದ ಕಣ್ಣಿನ ಮೇಲೆ ಹತ್ತಿಪ್ಪತ್ತು ಸಲ ಎರಚಿಕೋ, ಕ್ಲೋರಿನ್ನೂ ಹೋಗುತ್ತದೆ. ಟವೆಲ್ಲಿನಿಂದ ತಿಕ್ಕಬೇಡ, ಒತ್ತಿ ಒರೆಸು. ಆಮೇಲೆ ವಾಸನೆಯಿಲ್ಲದ ಮಾಯಿಶ್ಚರೈಸರ್ ಕಡಲೆಕಾಳಿನಷ್ಟು, ಉಂಗುರದ ಬೆರಳಿಗೆ. ಆ ಬೆರಳಿಗೆ ಬಲ ಕಡಿಮೆ, ಅದಕ್ಕೇ ಅದು. ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಗುರುತಿನ ಉಬ್ಬಿನ ಮೇಲೆ ಮೆಲ್ಲಗೆ ತಟ್ಟುತ್ತಾ ಹೋಗು, ಎರಡು ನಿಮಿಷ. ಸರಿದ ನೀರಿನಂಶ ಹರಡಿಕೊಳ್ಳಲು ಇಷ್ಟು ಸಾಕು.

• ತಂಪು ಹಿಡಿಯುವುದು. ಮನೆಗೆ ಹೋಗಿ ಹೊರಡುವ ದಿನವಾದರೆ ಹಿಂದಿನ ರಾತ್ರಿಯೇ ಎರಡು ಸ್ಟೀಲ್ ಚಮಚ ಫ್ರಿಜ್ಜಿನಲ್ಲಿಡು (ಫ್ರೀಜರಿನಲ್ಲಲ್ಲ), ಬೆನ್ನು ಕಡೆಯಿಂದ ಕಣ್ಣ ಕೆಳಗೆ ಇಟ್ಟುಕೋ. ನೇರ ಆಫೀಸಿಗಾದರೆ ತಣ್ಣನೆ ನೀರಿನ ಬಾಟಲಿಯನ್ನು ಕರ್ಚೀಫಿನಲ್ಲಿ ಸುತ್ತಿ ಮೆಟ್ರೋದಲ್ಲಿ ಒತ್ತಿಕೊಂಡು ಕೂರು. ಸೌತೆಕಾಯಿ ಬಿಲ್ಲೆಯೂ ಆಗುತ್ತದೆ. ಅದು ಸೌತೆಕಾಯಿಯ ಗುಣವೋ ಫ್ರಿಜ್ಜಿನ ಗುಣವೋ ಅಂತ ಕೇಳಿದರೆ, ಫ್ರಿಜ್ಜಿನದೇ ಅಂತ ನನ್ನ ಅನುಮಾನ. ಉಳಿದದ್ದನ್ನು ಕೋಸಂಬರಿಗೆ ಹಾಕು. ಐಸನ್ನು ಮಾತ್ರ ಬರಿ ಚರ್ಮಕ್ಕೆ ಹಿಡಿಯಬೇಡ.

• ನಿಂಬೆರಸ, ಅಡುಗೆ ಸೋಡಾ, ಟೂತ್‌ಪೇಸ್ಟ್, ತಲೆನೋವಿನ ಮುಲಾಮು, ಇವನ್ನು ಕಣ್ಣಿನ ಸುತ್ತ ಹಚ್ಚು ಅನ್ನುವವರ ಫೋನನ್ನು ಅರ್ಧಕ್ಕೇ ಕಟ್ ಮಾಡು.

• ಈಜುವ ಮುಂಚೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿಕೊಂಡರೆ ಗುರುತು ಬೀಳುವುದಿಲ್ಲ ಅಂತ ನಿನಗೆ ಯಾರೋ ಹೇಳಿದ್ದಾರಂತೆ. ಎಣ್ಣೆ ಹಚ್ಚಿದರೆ ಅಂಚು ಜಾರುತ್ತದೆ. ಜಾರಿದರೆ ನೀರು ಬರುತ್ತದೆ. ನೀರು ಬಂದರೆ ನೀನು ಏನು ಮಾಡುತ್ತೀಯ? ಪಟ್ಟಿ ಎಳೆಯುತ್ತೀಯ. ಹಿಂದಿನ ರಾತ್ರಿ ಮಲಗುವಾಗ ಹಚ್ಚಿಕೋ ಬೇಕಾದರೆ, ಚರ್ಮ ಒಣಗದೆ ಇರುತ್ತದೆ.

• ರಾತ್ರಿ ಉಪ್ಪಿನಕಾಯಿ, ಹಪ್ಪಳ, ಚಿಪ್ಸು ಜಾಸ್ತಿ ತಿಂದು ಮಲಗಿದರೆ ಬೆಳಿಗ್ಗೆ ಮುಖವೇ ಊದಿರುತ್ತದೆ, ಊದಿದ ಮುಖದ ಮೇಲೆ ಅಂಚು ಇನ್ನೂ ಎದ್ದು ಕಾಣುತ್ತದೆ. ಎದ್ದ ಕೂಡಲೇ ಕೊಳಕ್ಕೆ ಓಡದೆ ಅರ್ಧ ಗಂಟೆ ಅಡ್ಡಾಡಿ ಹೋದರೂ ಆ ಊತ ಒಂದಿಷ್ಟು ಇಳಿಯುತ್ತದೆ.

• ಗುಳಿಗಿಂತ ನನಗೆ ಚಿಂತೆ ಕಪ್ಪಿನದು, ಇದನ್ನು ಸ್ವಲ್ಪ ಗಮನವಿಟ್ಟು ಓದು. ಸೀರೆ ಉಡುವ ಹೆಂಗಸರ ಸೊಂಟ ನೋಡಿದ್ದೀಯಲ್ಲ, ಲಂಗದ ಲಾಡಿ ದಿನಾ ಬಿಗಿದ ಜಾಗದಲ್ಲಿ ಒಂದು ಕಪ್ಪು ಪಟ್ಟೆ. ಸಂಜೆ ಲಾಡಿ ಬಿಚ್ಚಿದರೆ ಗುಳಿ ಹೋಗುತ್ತದೆ, ಕಪ್ಪು ಹೋಗುವುದಿಲ್ಲ, ನನ್ನದು ನಲವತ್ತು ವರ್ಷದ್ದು. ನಮ್ಮ ಬಣ್ಣದ ಚರ್ಮಕ್ಕೆ ಒಂದೇ ಕಡೆ ದಿನವೂ ಒತ್ತಡ, ತಿಕ್ಕಾಟ ಆದರೆ ಬಣ್ಣ ಸುರಿಸಿಕೊಳ್ಳುವ ಸ್ವಭಾವ. ಕಣ್ಣಿನ ಸುತ್ತಲೂ ಅದೇ. ವಾರಕ್ಕೆ ಆರು ದಿನ ಬಿಗಿದ ಗಾಗಲ್ಸ್, ಮೇಲೆ "ಗುರುತು ಹೋಗಲಿ" ಅಂತ ಟವೆಲ್ಲಿನಲ್ಲಿ ಉಜ್ಜುವುದು, ಎರಡೂ ಸೇರಿದರೆ ಒಂದು ದಿನ ಗಂಟೆಯಲ್ಲಿ ಹೋಗದ ಬಳೆ ಉಳಿದುಬಿಡುತ್ತದೆ. ಲಾಡಿಯನ್ನು ನಾನು ಕೊನೆಗೂ ಎಲಾಸ್ಟಿಕ್ಕಿಗೆ ಬದಲಿಸಿದೆ, ತಡವಾಗಿ. ನೀನು ತಡಮಾಡಬೇಡ.

• ಗುರುತು ಕಚ್ಚುತ್ತಿದ್ದರೆ, ತುರಿಸಿದರೆ, ಒಂದು ದಿನ ಕಳೆದರೂ ಕೆಂಪಾಗಿಯೇ ಇದ್ದು ಹೊಟ್ಟು ಏಳುತ್ತಿದ್ದರೆ ಅದು ಒತ್ತಡದ್ದಲ್ಲ, ಅಲರ್ಜಿ ಇರಬಹುದು. ಕೆಲವು ಅಂಚುಗಳಲ್ಲಿರುವ ನಿಯೋಪ್ರೀನ್, ರಬ್ಬರ್ ಮತ್ತು ಅವುಗಳ ತಯಾರಿಕೆಯಲ್ಲಿ ಬಳಸುವ ರಾಸಾಯನಿಕ ಕೆಲವರ ಚರ್ಮಕ್ಕೆ ಆಗದು. ಆ ಗಾಗಲ್ಸ್ ಬಿಟ್ಟು ಶುದ್ಧ ಸಿಲಿಕೋನಿನದು ಹಾಕಿ ನೋಡು. ಹಾಗೂ ನಿಲ್ಲದಿದ್ದರೆ, ಅಥವಾ ಅಂಚು ಕೂತಲ್ಲಿ ಚರ್ಮ ಬೆಳ್ಳಗಾಗುತ್ತಿದ್ದರೆ, ಚರ್ಮದ ಡಾಕ್ಟರ ಹತ್ತಿರ ಹೋಗುವಾಗ ಗಾಗಲ್ಸನ್ನೂ ಚೀಲದಲ್ಲಿ ಹಾಕಿಕೊಂಡು ಹೋಗು.

• ಹುಬ್ಬಿನಿಂದ ಹಣೆಯ ಮೇಲಕ್ಕೆ ಹತ್ತುವ ತಲೆನೋವು ಈಜಿದ ದಿನವೇ ಬರುತ್ತಿದ್ದರೆ ಕಾಫಿ ಕುಡಿದು ಸುಮ್ಮನಾಗಬೇಡ. ಹುಬ್ಬಿನ ಮೂಳೆಯ ಅಂಚಿನಲ್ಲಿ ಒಂದು ನರ ಹೊರಬರುತ್ತದೆ, ಬಿಗಿ ಗಾಗಲ್ಸ್ ಅದನ್ನೇ ಅದುಮುತ್ತದೆ.

• ನಿನ್ನ ಅಜ್ಜಿಗೆ ಗ್ಲಾಕೋಮಾ ಇತ್ತು, ಮರೆಯಬೇಡ. ಚಿಕ್ಕ ಬಟ್ಟಲಿನ ಗಾಗಲ್ಸ್ ಹಾಕಿರುವಷ್ಟು ಹೊತ್ತು ಕಣ್ಣಿನೊಳಗಿನ ಒತ್ತಡ ತುಸು ಏರುತ್ತದೆ ಎಂಬುದನ್ನು ಕಣ್ಣಿನ ವೈದ್ಯರು ಅಳೆದು ನೋಡಿದ್ದಾರೆ. ಆರೋಗ್ಯದ ಕಣ್ಣಿಗೆ ಅದರಿಂದ ಏನೂ ಆಗದು. ಆದರೆ ನಲವತ್ತು ದಾಟಿದ ನೀನು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸು, ಈಜುತ್ತೇನೆ ಅಂತ ಬಾಯಿಬಿಟ್ಟು ಹೇಳು. ಪೊರೆಯ ಆಪರೇಷನ್ನಾದ ಮೇಲೆ ನನಗೆ ಡಾಕ್ಟರು ಒಂದು ತಿಂಗಳು ಕೊಳದ ಕಡೆ ತಲೆ ಹಾಕಬೇಡಿ ಅಂದಿದ್ದರು. ಕಿಟಕಿಯಿಂದ ನೋಡಿ ಬರುತ್ತಿದ್ದೆ.

• ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ನೀರಿಗಿಳಿಯಬೇಡ. ಲೆನ್ಸಿನಡಿ ಸೇರಿಕೊಳ್ಳುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಕಣ್ಣಿನ ಕರಿಗುಡ್ಡೆಯ ಮೇಲಿನ ಪರದೆಯನ್ನೇ ತಿಂದುಹಾಕಬಲ್ಲದು. ಪವರ್ ಇರುವ ಗಾಗಲ್ಸ್ ಅರ್ಧರ್ಧ ಪಾಯಿಂಟಿನ ಅಂತರದಲ್ಲಿ ರೆಡಿಮೇಡ್ ಸಿಗುತ್ತವೆ. ನಿನ್ನ ಮೈನಸ್ ಎರಡೂವರೆಗೆ ಸಲೀಸಾಗಿ ಸಿಕ್ಕೀತು.

• ಬಿಸಿಲಿನ ಬಳೆ ಬೇರೆ. ಬೇಸಿಗೆ ರಜೆಯಲ್ಲಿ ಮಗಳ ಜೊತೆ ಮೇಲೆ ಚಾವಣಿಯಿಲ್ಲದ ಕೊಳದಲ್ಲಿ ಮಧ್ಯಾಹ್ನ ಈಜಿದರೆ ಮುಖವೆಲ್ಲ ಕಪ್ಪಾಗಿ ಗಾಗಲ್ಸ್ ಇದ್ದಲ್ಲಿ ಮಾತ್ರ ಬೆಳ್ಳಗೆ ಉಳಿದು ಗೂಬೆಯ ಹಾಗೆ ಕಾಣುತ್ತೀರಿ ಇಬ್ಬರೂ. ಇದು ತಣ್ಣೀರಿಗೆ ಹೋಗುವುದಿಲ್ಲ, ವಾರಗಟ್ಟಲೆ ಬೇಕು. ನೀರಿಗೆ ಇಳಿಯುವ ಇಪ್ಪತ್ತು ನಿಮಿಷ ಮೊದಲು ನೀರಿನಲ್ಲಿ ತೊಳೆದುಹೋಗದ ಸನ್‌ಸ್ಕ್ರೀನ್ ಹಚ್ಚಿಕೋ. ಅಂಚು ಕೂರುವ ಜಾಗ ಬಿಟ್ಟು ಹಚ್ಚು, ಇಲ್ಲದಿದ್ದರೆ ಕರಗಿ ಕಣ್ಣಿಗಿಳಿದು ಉರಿಯುತ್ತದೆ. ಸಂಜೆ ನಾಲ್ಕೂವರೆಯ ಮೇಲೆ ಹೋಗುವುದು ಇದಕ್ಕಿಂತ ಸುಲಭ.

• ಆಫೀಸಿನ ಉಪಾಯ ಒಂದಿದೆ. ಮುಚ್ಚಲು ಬಣ್ಣ ಮೆತ್ತಿಕೊಳ್ಳಬೇಡ. ಬಣ್ಣ ಬಣ್ಣವನ್ನು ಮುಚ್ಚೀತು, ಗುಳಿಯನ್ನಲ್ಲ, ಬಳೆ ಇನ್ನೂ ಎದ್ದು ಕಾಣುತ್ತದೆ. ಈಜಿದ ದಿನ ಲೆನ್ಸ್ ಬಿಟ್ಟು ದಪ್ಪ ಫ್ರೇಮಿನ ಕನ್ನಡಕ ಹಾಕಿಕೋ. ಗುರುತು ಬಿದ್ದಿರುವುದೂ ಫ್ರೇಮು ಬರುವುದೂ ಹೆಚ್ಚುಕಡಿಮೆ ಒಂದೇ ಸುತ್ತಿನಲ್ಲಿ. ಕಾಡಿಗೆ ತೀಡುವುದಿದ್ದರೆ ಆಫೀಸಿಗೆ ಹೋದ ಮೇಲೆ ತೀಡು, ಒದ್ದೆ ಕಣ್ಣಿಗಲ್ಲ. ಮೀಟಿಂಗು ಇರುವ ದಿನ ಈಜನ್ನು ಸಂಜೆಗೆ ಹಾಕಿಕೋ.

• ಗಾಗಲ್ಸಿಗೂ ಆಯುಸ್ಸಿದೆ. ಕ್ಲೋರಿನ್ ನೀರು ಕುಡಿದು ಅಂಚು ಗಟ್ಟಿಯಾಗುತ್ತದೆ, ಗಟ್ಟಿ ಅಂಚು ಆಳ ಕೊರೆಯುತ್ತದೆ. ಪ್ರತಿ ಸಲ ಸಿಹಿನೀರಿನಲ್ಲಿ ಅದ್ದಿ ನೆರಳಿನಲ್ಲಿ ಒಣಗಿಸು, ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಬಿಡಬೇಡ. ಒಳಗಿನ ಗಾಜಿಗೆ ಬೆರಳು ತಾಗಿಸಬೇಡ, ಮಂಜು ಹಿಡಿಯದ ಲೇಪ ಅಳಿಸಿಹೋಗುತ್ತದೆ. ಅಂಚನ್ನು ಉಗುರಿನಿಂದ ಒತ್ತಿ ನೋಡು. ಮೊದಲಿನಂತೆ ಬಗ್ಗದಿದ್ದರೆ ಬದಲಿಸುವ ಕಾಲ ಬಂತು. ದಿನಾ ಈಜುವವಳಿಗೆ ವರ್ಷಕ್ಕೊಂದು ಜೊತೆ ದುಂದಲ್ಲ. ನಿಮ್ಮ ದೊಡ್ಡಪ್ಪ ಒಪ್ಪುವುದಿಲ್ಲ, ಅವರು ನೀರಿಗೂ ಇಳಿಯುವುದಿಲ್ಲ.

• ಪಕ್ಕದ ಸೀಟಿನವಳು ಮತ್ತೆ ಕೇಳಿದರೆ ಮುಖ ಸಣ್ಣ ಮಾಡಿಕೊಂಡು ವಿವರಣೆ ಕೊಡಬೇಡ. ಆರರ ಬ್ಯಾಚಿನಲ್ಲಿ ಇನ್ನೂ ಜಾಗವಿದೆ ಅಂತ ನೀನೇ ಹೇಳಿದೆಯಲ್ಲ, ಅವಳನ್ನೂ ಕರೆ.

• ಭಾನುವಾರ ಬರುವಾಗ ನಿನ್ನ ಗಾಗಲ್ಸ್ ತಾ. ಹಾಕಿಸಿ ನೋಡಿ ಪಟ್ಟಿಗೆ ನಾನೇ ಗೆರೆ ಎಳೆದುಕೊಡುತ್ತೇನೆ. ಹಾಗೇ ದೀಪಾವಳಿಗೆ ಚಕ್ಕುಲಿ ತುಂಬಿ ಕೊಟ್ಟಿದ್ದ ಸ್ಟೀಲ್ ಡಬ್ಬವನ್ನೂ. ಅದರ ಮುಚ್ಚಳ ಮಾತ್ರ ಇಲ್ಲೇ ಇದೆ.

ನಿನ್ನ ದೊಡ್ಡಮ್ಮ